ಹದಿನೈದು ವರ್ಷದ ಮಾರುತಿ 800ನ ಎಫ್‌ಸಿಗೆ ತಗೊಂಡೋಗೋ ಮುಂಚೆ ಮನೇಲೇ ನೋಡ್ಕೊಳ್ಳೋದು ಹೇಗೆ

ನಮ್ಮನೇಲಿರೋದು 2009ರ ಡಿಸೆಂಬರಲ್ಲಿ ಮಂಡ್ಯದಲ್ಲಿ ರಿಜಿಸ್ಟರ್ ಆದ ಮಾರುತಿ 800, ಕೆಎ-11 ನಂಬರು, ಬಿಳಿ ಗಾಡಿ, ಅಪ್ಪ ಹೊಸದಾಗಿ ತಗೊಂಡಿದ್ದು. 2024ರ ಕೊನೇಲಿ ಹದಿನೈದು ವರ್ಷ ತುಂಬ್ತು. ಆರ್‌ಸಿ ರಿನ್ಯೂವಲ್‌ಗೆ ಎಫ್‌ಸಿ, ಅಂದ್ರೆ ಗಾಡಿ ರಸ್ತೇಲಿ ಓಡೋಕೆ ಯೋಗ್ಯ ಅನ್ನೋ ಟೆಸ್ಟು, ಮಾಡ್ಸೋಣ ಅಂತ ಹೊರಟಾಗ ಅಪ್ಪ ಹೇಳಿದ್ದು ಒಂದೇ ಮಾತು, "ಬಣ್ಣ ಹೊಡ್ಸಿ ತಗೊಂಡೋಗ್ಲಾ, ನೋಡೋಕ್ ಚೆನ್ನಾಗಿದ್ರೆ ಪಾಸ್ ಮಾಡ್ತಾರೆ". ಹೊಡ್ಸಿದ್ವಿ, ಗಾಡಿ ಫಳಫಳ ಅಂತಿತ್ತು, ಆದ್ರೂ ಮೊದಲ್ನೇ ಸಲ ಪಾಸಾಗ್ಲಿಲ್ಲ. ಹ್ಯಾಂಡ್ ಬ್ರೇಕ್ ಹಿಡೀತಿಲ್ಲ, ಬಲಗಡೆ ಹೆಡ್‌ಲೈಟ್ ಮೇಲಕ್ಕೆ ಹೊಡೀತಿದೆ, ಹಿಂದಿನ ಎಡಗಡೆ ಟೈರ್ ಬೋಳು, ಸೈಲೆನ್ಸರ್ ಲೀಕು, ಈ ನಾಲ್ಕು ರಿಮಾರ್ಕ್. ನಾಲ್ಕರಲ್ಲಿ ಒಂದಾದ್ರೂ ಬಣ್ಣಕ್ಕೆ ಸಂಬಂಧಪಟ್ಟಿದ್ದಾ ಹೇಳಿ. ಬಣ್ಣಕ್ಕೆ ಹಾಕಿದ ದುಡ್ಡಲ್ಲಿ ಕಾಲು ಭಾಗ ಹಾಕಿದ್ರೆ ಈ ನಾಲ್ಕೂ ಸರಿಯಾಗ್ತಿತ್ತು. ಹಾಗಾಗಿ 800 ಇನ್ನೂ ಇಟ್ಕೊಂಡಿರೋ ನಮ್ಮ ಮಂಡ್ಯ ಮೈಸೂರು ಕಡೆಯೋರಿಗೆ ಉಪಯೋಗ ಆಗ್ಲಿ ಅಂತ, ಯಾವುದನ್ನ ಯಾವ ಕ್ರಮದಲ್ಲಿ ನೋಡ್ಬೇಕು, ದುಡ್ಡು ಎಲ್ಲಿಗೆ ಹಾಕ್ಬೇಕು ಅಂತ ಬರೀತಿದೀನಿ.

ಮೊದಲು ಇದೊಂದು ಗೊತ್ತಿರ್ಲಿ. ಯೆಲ್ಲೋ ಬೋರ್ಡ್ ಗಾಡಿಗಳಿಗೆ ಎಂಟು ವರ್ಷದ ತನಕ ಎರಡೆರಡು ವರ್ಷಕ್ಕೊಂದ್ಸಲ, ಆಮೇಲೆ ವರ್ಷ ವರ್ಷ ಎಫ್‌ಸಿ ಆಗುತ್ತೆ. ನಮ್ಮ ವೈಟ್ ಬೋರ್ಡ್ ಕಾರಿಗೆ ಹಾಗಿಲ್ಲ, ಮೊದಲ ಹದಿನೈದು ವರ್ಷ ಆರ್‌ಸಿನೇ ಎಫ್‌ಸಿ ಇದ್ದಂಗೆ, ಅಲ್ಲಿಂದಾಚೆ ಐದೈದು ವರ್ಷಕ್ಕೆ ರಿನ್ಯೂವಲ್. ಇಂಗ್ಲೆಂಡಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಟೆಸ್ಟು, ಜರ್ಮನೀಲಿ ಎರಡು ವರ್ಷಕ್ಕೊಂದು. ಇಲ್ಲಿ ಹದಿನೈದು ವರ್ಷ ಸರ್ಕಾರದ ಕಡೆಯಿಂದ ಒಬ್ರೂ ನಮ್ಮ ಗಾಡಿ ಕೆಳಗೆ ಬಗ್ಗಿ ನೋಡಿರಲ್ಲ. ಅಷ್ಟು ವರ್ಷದ ತುಕ್ಕು, ಸವೆತ, ಲೀಕು ಎಲ್ಲಾ ಒಂದೇ ದಿನ ಎದುರಿಗೆ ಬರುತ್ತೆ, ಪಾಸಾದ್ರೆ ಮತ್ತೆ ಐದು ವರ್ಷ ಯಾರೂ ಕೇಳಲ್ಲ. ಆ ಐದು ವರ್ಷ ಅದೇ ಕಾರಲ್ಲಿ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಓಡಾಡೋರು ನಾವೇ ಅಲ್ವಾ, ಅದಕ್ಕೇ ಪಾಸಾಗೋಕೆ ಎಷ್ಟು ಬೇಕೋ ಅಷ್ಟು ಅಂತ ಲೆಕ್ಕ ಹಾಕ್ಬೇಡಿ.

ಕಾಗದ ಪತ್ರದ್ದು ಬೇಗ ಮುಗಿಸ್ಬಿಡ್ತೀನಿ. ಆರ್‌ಸಿ ಮುಗಿಯೋ ತಾರೀಖಿಗೆ 60 ದಿನ ಮುಂಚಿನಿಂದ ಅರ್ಜಿ ಹಾಕ್ಬಹುದು, ಫಾರಂ 25, ಪರಿವಾಹನ್ ವೆಬ್‌ಸೈಟಲ್ಲೇ ಆಗುತ್ತೆ. ಫೀಸು 2022ರ ಏಪ್ರಿಲಿಂದ ಕಾರಿಗೆ 5000 ರೂಪಾಯಿ, 2025ರ ಆಗಸ್ಟಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು, ಜೊತೆಗೆ ನಮ್ಮ ರಾಜ್ಯದ ಗ್ರೀನ್ ಟ್ಯಾಕ್ಸ್ ಬೇರೆ ಕಟ್ಬೇಕು. ತಡ ಮಾಡಿದ್ರೆ ತಿಂಗಳಿಗೆ 500 ರೂಪಾಯಿ ಸೇರ್ತಾ ಹೋಗುತ್ತೆ, ಅದಕ್ಕಿಂತ ಹೆಚ್ಚಾಗಿ, ಆರ್‌ಸಿ ಮುಗಿದ ಗಾಡಿ ಅಂದ್ರೆ ರಿಜಿಸ್ಟ್ರೇಶನ್ನೇ ಇಲ್ಲದ ಗಾಡಿ ಇದ್ದಂಗೆ, ಏನಾದ್ರೂ ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನೋರು ಮೊದಲು ಹಿಡ್ಕೊಳ್ಳೋದೇ ಅದನ್ನ. ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು ಚಾಲ್ತೀಲಿರ್ಬೇಕು, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ) ನಂಬರ್ ಪ್ಲೇಟ್ ಹಾಕ್ಸಿರ್ಬೇಕು, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಲ್ಲಿ ಉಜ್ಜಿ ಪ್ರಿಂಟ್ ತೆಗೆದಿಟ್ಕೊಳ್ಳಿ. ಈ ಚಾಸಿ ನಂಬರ್ ವಿಷ್ಯ ಹಗುರವಾಗಿ ತಗೋಬೇಡಿ, ಬಾನೆಟ್ ಒಳಗೆ ಕೊರೆದಿರೋ ಆ ಅಕ್ಷರದ ಮೇಲೆ ಪೈಂಟಿಂಗ್ ಮಾಡೋರು ದಪ್ಪಗೆ ಬಣ್ಣ ಬಳಿದ್ರೆ ಪೆನ್ಸಿಲಲ್ಲಿ ಏನೂ ಮೂಡಲ್ಲ, ತಿನ್ನರ್ ಹಾಕಿ ಬಟ್ಟೇಲಿ ನಿಧಾನಕ್ಕೆ ಒರೆಸ್ಬೇಕು, ಸ್ಯಾಂಡ್ ಪೇಪರ್ ಹಾಕಿ ಉಜ್ಜಿದ್ರೆ ಅಕ್ಷರ ಸವೆದು ಇನ್ನೊಂದು ತಲೆನೋವು. ಗಾಡಿಗೆ ಗ್ಯಾಸ್ ಕಿಟ್ ಹಾಕ್ಸಿದ್ರೆ ಅದು ಆರ್‌ಸಿಯಲ್ಲಿ ನಮೂದಾಗಿದೆಯಾ ನೋಡಿ, ಬಣ್ಣ ಬದಲಾಯಿಸಿದ್ರೂ ಅಷ್ಟೇ. ಗ್ಲಾಸಿಗೆ ಕಪ್ಪು ಫಿಲ್ಮ್ ಇದ್ರೆ ಕಿತ್ತಾಕಿ, 2012ರಲ್ಲೇ ಸುಪ್ರೀಂ ಕೋರ್ಟ್ ಬೇಡ ಅಂದಿದೆ. ಮುಂದೆ ಕಬ್ಬಿಣದ ಗಾರ್ಡ್ ಇದ್ರೆ ಅದನ್ನೂ ಬಿಚ್ಚಿ.

ಈಗ ಗಾಡಿಗೆ ಬರೋಣ. ಎರಡು ತಿಂಗಳು ಮುಂಚೆ ಒಂದು ಭಾನುವಾರ ಬೆಳಿಗ್ಗೆ ಪೂರ್ತಿ ಎತ್ತಿಟ್ಕೊಳ್ಳಿ. ಬೇಕಾಗಿರೋದು ಒಂದು ಟಾರ್ಚು, ಹಳೇ ಸ್ಕ್ರೂ ಡ್ರೈವರ್, ಜಾಕಿ, ಎರಡು ಸ್ಟ್ಯಾಂಡು, ಇನ್ನೂರು ಮುನ್ನೂರು ರೂಪಾಯಿಯ ಮಲ್ಟಿಮೀಟರ್, ಒಂದು ನೋಟ್ ಬುಕ್ಕು. ಜಾಕಿ ಒಂದನ್ನೇ ನಂಬ್ಕೊಂಡು ಯಾವ ಕಾರಣಕ್ಕೂ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡ್ಲೇಬೇಕು, ಎತ್ತದೇ ಇರೋ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ.

ಮೊದಲು ತುಕ್ಕು. ಯಾಕಂದ್ರೆ 800ರಲ್ಲಿ ಬಾಕಿ ಎಲ್ಲಾ ಬಿಚ್ಚಿ ಹಾಕೋ ಸಾಮಾನು, ಬಾಡಿ ಒಂದು ಹೋದ್ರೆ ಗಾಡಿನೇ ಹೋಯ್ತು, ಹಾಗಾಗಿ ಬಾಡಿ ನೋಡದೇ ಬೇರೆ ಯಾವುದಕ್ಕೂ ಒಂದು ರೂಪಾಯಿ ಹಾಕ್ಬೇಡಿ ಅನ್ನೋದು ನನ್ನ ಮಾತು. ಮುಂದಿನ ಸೀಟಿನ ಕೆಳಗಿರೋ ಮ್ಯಾಟ್ ತೆಗೀರಿ, ಅದರ ಕೆಳಗಿನ ಕಾರ್ಪೆಟ್ಟೂ ಎತ್ತಿ, ಅದರಡಿಗೆ ಗೋಣಿತಾಟಿನ ಥರ ಒಂದು ಪದರ ಇರುತ್ತೆ, ಅದನ್ನ ಕೈಲಿ ಹಿಂಡಿ ನೋಡಿ. ನಮ್ಮ ಗಾಡೀಲಿ ಎರಡು ವಾರದಿಂದ ಮಳೆ ಇರ್ಲಿಲ್ಲ, ಆದ್ರೂ ಡ್ರೈವರ್ ಕಾಲ್ ಹತ್ರ ಹಿಂಡಿದ್ರೆ ಕಂದು ನೀರು ತೊಟ್ಟಿಕ್ತು. ಕಾರ್ಪೆಟ್ ಮೇಲಿಂದ ಮುಟ್ಟಿದ್ರೆ ಒಣಗಿದಂಗೇ ಇತ್ತು, ಕೆಳಗಿನ ತಗಡು ಬಿಸ್ಕೆಟ್ ಥರ ಪದರ ಪದರ ಎದ್ದಿತ್ತು, ಸ್ಕ್ರೂ ಡ್ರೈವರ್ ಇಟ್ಟು ಸ್ವಲ್ಪ ಒತ್ತಿದ್ದಷ್ಟೇ, ಆಚೆ ಕಡೆ ನೆಲ ಕಾಣಿಸ್ತು. ಹೊಸ ಬಣ್ಣದ ಗಾಡಿ ಅದು! ಪೈಂಟಿಂಗ್ ಅಂಗಡಿಯೋರು ಹೊರಗಡೆ ಬಾಗಿಲ ಕೆಳಗೆ ತುಕ್ಕಿದ್ದ ಕಡೆನೂ ಕೆತ್ತದೇ ಹಾಗೇ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ರು, ನಾಲ್ಕೇ ತಿಂಗಳಿಗೆ ಗುಳ್ಳೆ ಎದ್ವು.

ನೀರು ಎಲ್ಲಿಂದ ಬಂತು ಅನ್ನೋದನ್ನ ಹುಡುಕದೇ ವೆಲ್ಡಿಂಗ್ ಮಾಡ್ಸಿದ್ರೆ ಪ್ರಯೋಜನ ಇಲ್ಲ. ನಮ್ದು ಊರಲ್ಲಿ ಹೊಂಗೆ ಮರದ ಕೆಳಗೆ ನಿಲ್ತಿತ್ತು, ವೈಪರ್ ಕೆಳಗಿರೋ ಜಾಲರಿ ಒಳಗೆ ಎಲೆ ಕೊಳೆತು ನೀರು ಹೋಗೋ ದಾರಿ ಕಟ್ಕೊಂಡಿತ್ತು, ಅಲ್ಲಿ ತುಂಬಿದ ನೀರು ಒಳಗೆ ಇಳೀತಿತ್ತು. ಒಂದು ಚೊಂಬು ನೀರು ವಿಂಡ್‌ಶೀಲ್ಡ್ ಬುಡಕ್ಕೆ ಹೊಯ್ದು ಚಕ್ರದ ಹಿಂದೆ ಸುರಿದು ಹೋಗುತ್ತಾ ನೋಡಿ. ಎಸಿ ನೀರು ಹೋಗೋ ಪೈಪ್ ಕಟ್ಟಿದ್ರೂ ಹೀಗೇ ಆಗುತ್ತೆ, ಆಗ ಒದ್ದೆ ಎಡಗಡೆ ಸೀಟಿನ ಕಡೆ ಜಾಸ್ತಿ. ಬಾಗಿಲುಗಳ ಅಡೀಲಿ ಸಣ್ಣ ತೂತುಗಳಿರುತ್ವೆ, ನೀರು ಇಳಿದು ಹೋಗೋಕೆ ಅಂತ ಬಿಟ್ಟಿರೋದು, ಮಣ್ಣು ಕಟ್ಟಿದ್ರೆ ತಂತೀಲಿ ಬಿಡಿಸಿ. ಡಿಕ್ಕಿ ಮ್ಯಾಟ್ ಎತ್ತಿ ಸ್ಟೆಪ್ನಿ ಸುತ್ತ ನೋಡಿ, ಟೈಲ್ ಲ್ಯಾಂಪ್ ರಬ್ಬರ್ ಹೋಗಿದ್ರೆ ನೀರು ಅಲ್ಲಿ ನಿಂತಿರುತ್ತೆ. ಬ್ಯಾಟರಿ ಎತ್ತಿ ಅದರ ತಟ್ಟೆ ನೋಡಿ, ಆಸಿಡ್ ಸುರಿದು ತಟ್ಟೆ ಜೊತೆ ಕೆಳಗಿನ ತಗಡನ್ನೂ ತಿಂದಿರುತ್ತೆ.

ಆಮೇಲೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗೋ ಅಂಚನ್ನ ಸ್ಕ್ರೂ ಡ್ರೈವರ್ ಹಿಡಿಯಿಂದ ಒಂದೊಂದೇ ಗೇಣು ತಟ್ಕೊಂಡು ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತೆ, ಒಳಗೆ ಪುಟ್ಟಿನೋ ತುಕ್ಕಿನ ಪುಡಿನೋ ಇದ್ರೆ ಡಬ್ ಅಂತ ಮಂಕಾಗುತ್ತೆ. ಆ ವ್ಯತ್ಯಾಸ ಒಂದ್ಸಲ ಕಿವಿಗೆ ಬಿದ್ರೆ ಸಾಕು, ಆಮೇಲೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕ್ ಹೋದ್ರೂ ಉಪಯೋಗಕ್ಕೆ ಬರುತ್ತೆ. ಮಂಡ್ಯ, ಪಾಂಡವಪುರ, ಮದ್ದೂರು ಕಡೆ ನಾಲೆ ಏರಿ ಮೇಲೆ, ಕಬ್ಬಿನ ಗದ್ದೆ ದಾರೀಲಿ ಓಡಾಡೋ ಗಾಡಿಗಳಲ್ಲಿ ಚಕ್ರದ ಮೇಲಿನ ಕಮಾನಿನ ಒಳಗೆ ಕೆಸರು ಗಟ್ಟಿಯಾಗಿ ಕೂತಿರುತ್ತೆ, ಬೇಸಿಗೇಲೂ ಅದು ಒಳಗೆ ತಂಪಾಗೇ ಇರುತ್ತೆ, ಅದನ್ನ ಕೆರೆದು ತೆಗೆದ ಮೇಲೇ ನಿಜವಾದ ತಗಡು ಕಾಣೋದು.

ಎಲ್ಲಾ ತುಕ್ಕೂ ಒಂದೇ ಅಲ್ಲ. ಬಾಗಿಲ ಹೊರಗಿನ ತಗಡಲ್ಲಿ, ಬಾನೆಟ್ ಅಂಚಲ್ಲಿ ತುಕ್ಕಿದ್ರೆ ನೋಡೋಕೆ ಕೆಟ್ಟದಾಗಿರುತ್ತೆ ಅಷ್ಟೇ, ಜೀವಕ್ಕೇನಿಲ್ಲ. ಸೀಟಿನ ಬೋಲ್ಟ್ ಕೂರೋ ಜಾಗ, ಸೀಟ್ ಬೆಲ್ಟ್ ಬೋಲ್ಟ್ ಹತ್ರ, ಲೋಯರ್ ಆರ್ಮ್ (ಚಕ್ರನ ಬಾಡಿಗೆ ಸೇರಿಸೋ ಕಬ್ಬಿಣದ ತೋಳು) ಹಿಡ್ಕೊಂಡಿರೋ ಕಡೆ, ಬಾನೆಟ್ ಎತ್ತಿದ್ರೆ ಶಾಕ್ ಅಬ್ಸಾರ್ಬರ್ ಮೇಲ್ಗಡೆ ಕೂರೋ ದುಂಡನೆ ಜಾಗ, ಈ ನಾಲ್ಕು ಕಡೆ ತಗಡು ಸಡಿಲ ಆಗಿದ್ರೆ ಎಫ್‌ಸಿ ಮಾತು ಆಮೇಲೆ, ಆ ಗಾಡಿ ರಸ್ತೆಗೆ ಇಳೀಬಾರ್ದು. ರಿಪೇರಿ ಅಂದ್ರೆ ಕೊಳೆತ ತಗಡು ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡೋದು, ಮೇಲಿಂದ ತೇಪೆ ಹಾಕಿ ರಿವೆಟ್ ಹೊಡಿಯೋದು, ಎಂ-ಸೀಲ್ ಮೆತ್ತೋದು, ಟಾರ್ ಬಳಿಯೋದು ರಿಪೇರಿ ಅಲ್ಲ. ಅದರಲ್ಲೂ ತುಕ್ಕಿನ ಮೇಲೇ ಕಪ್ಪು ಕೋಟಿಂಗ್ ಹೊಡೆದ್ರೆ ನೀರು ಒಳಗೇ ಸಿಕ್ಕಾಕ್ಕೊಂಡು ಇನ್ನೂ ಬೇಗ ತಿನ್ನುತ್ತೆ. ವೆಲ್ಡಿಂಗ್ ಮಾಡೋಕ್ ಮುಂಚೆ ಬ್ಯಾಟರಿ ಬಿಚ್ಚಿಸಿ, ಇಸಿಎಂ (ಇಂಜಿನ್ ಕಂಪ್ಯೂಟರ್) ಕನೆಕ್ಟರ್ ತೆಗೆಸಿ, ಕಾರ್ಪೆಟ್ ಪೂರ್ತಿ ಆಚೆ ಹಾಕಿಸಿ, ಅಡೀಲಿ ಪೆಟ್ರೋಲ್ ಪೈಪ್ ಹೋಗಿರುತ್ತೆ ಅನ್ನೋದನ್ನ ಟಿಂಕರಿಂಗ್ ಅಣ್ಣನಿಗೆ ಬಾಯಿಬಿಟ್ಟು ನೆನಪು ಮಾಡಿ. ನಮ್ದನ್ನ ಬನ್ನಿಮಂಟಪದ ಕಡೆ ಒಬ್ರ ಹತ್ರ ಮಾಡಿಸ್ದೆ, ಅವ್ರು ಕಾರ್ಪೆಟ್ ಎತ್ತಿದ ತಕ್ಷಣ ಅಂದಿದ್ದು, "ಅಣ್ಣ, ಮೇಲಿಂದ ಮದುವಣಗಿತ್ತಿ ಥರ ಮಾಡ್ಸಿದೀರ, ಕೆಳಗೆ ನೋಡಿ ಏನೈತೆ ಅಂತ". ಎರಡು ದಿನ ಕೂತು ಅಚ್ಚುಕಟ್ಟಾಗಿ ಮಾಡ್ಕೊಟ್ರು.

ತುಕ್ಕು ಆದ್ಮೇಲೆ ಬ್ರೇಕು. ನಮ್ಮ ಕಡೆ ಆರ್‌ಟಿಓ ಇನ್ಸ್‌ಪೆಕ್ಟರ್‌ಗೆ ಬ್ರೇಕ್ ಇನ್ಸ್‌ಪೆಕ್ಟರ್ ಅಂತಾನೇ ಜನ ಕರೆಯೋದು, ಹೆಸರೇ ಹೇಳುತ್ತೆ ಅವ್ರು ಏನು ನೋಡ್ತಾರೆ ಅಂತ. 800ರಲ್ಲಿ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಇಂಜಿನ್ ಆಫ್ ಮಾಡಿ ಪೆಡಲ್ಲನ್ನ ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತೆ, ಹಾಗೇ ಒತ್ಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿ, ಆಗ ಪೆಡಲ್ ಸ್ವಲ್ಪ ಕೆಳಗೆ ಇಳಿದ್ರೆ ಕಾಲಿನ ಬಲ ಹೆಚ್ಚಿಸೋ ಬೂಸ್ಟರ್ ಚೆನ್ನಾಗಿದೆ ಅಂತ. ಈಗ ಒಂದು ನಿಮಿಷ ಹಾಗೇ ಕಾಲಿಟ್ಟಿರಿ, ಪೆಡಲ್ ನಿಧಾನಕ್ಕೆ ಜಾರ್ತಾ ಕೆಳಗೆ ಹೋದ್ರೆ ಎಲ್ಲೋ ಲೀಕ್ ಇದೆ, ಇಲ್ಲಾಂದ್ರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ. ಹಿಂದಿನ ಚಕ್ರದ ಒಳಮೈ ಕೈಯಿಂದ ಸವರಿ, ಒದ್ದೆ ಜಿಡ್ಡು ಸಿಕ್ಕಿದ್ರೆ ವೀಲ್ ಸಿಲಿಂಡರ್ ಲೀಕು, 800ರಲ್ಲಿ ಇದು ತುಂಬಾ ಕಾಮನ್, ಸಿಲಿಂಡರ್ ಜೊತೆಗೆ ಎಣ್ಣೆ ಕುಡಿದ ಬ್ರೇಕ್ ಶೂಗಳನ್ನೂ ಬದಲಾಯಿಸ್ಬೇಕು, ಒರೆಸಿ ಮತ್ತೆ ಹಾಕಿದ್ರೆ ಹಿಡಿಯಲ್ಲ.

ಹ್ಯಾಂಡ್ ಬ್ರೇಕ್ ನಾವು ಫೇಲಾದ ಜಾಗ. ವರ್ಷಗಟ್ಲೆ ಸಮತಟ್ಟು ನೆಲದಲ್ಲಿ ಗೇರ್ ಹಾಕಿ ನಿಲ್ಸಿ ಅಭ್ಯಾಸ, ಹ್ಯಾಂಡ್ ಬ್ರೇಕ್ ಎಳೆದೇ ಇರ್ಲಿಲ್ಲ, ಕೇಬಲ್ ಕವಚದ ಒಳಗೇ ತುಕ್ಕು ಹಿಡ್ಕೊಂಡಿತ್ತು. ಎಳೆದಾಗ ಟಿಕ್ ಟಿಕ್ ಎಣಿಸಿ, ಏಳೆಂಟಕ್ಕಿಂತ ಮೇಲೆ ಹೋಗ್ತಿದ್ರೆ ಹಿಂದಿನ ಶೂ ಸವೆದಿದೆ ಇಲ್ಲಾ ಕೇಬಲ್ ಜಗ್ಗಿ ಉದ್ದ ಆಗಿದೆ. ಬರೀ ಲಿವರ್ ಹತ್ರದ ನಟ್ ಬಿಗಿ ಮಾಡಿ ಸರಿ ಆಯ್ತು ಅನ್ನೋ ಮೆಕ್ಯಾನಿಕ್‌ಗಳಿದಾರೆ, ಅದು ಬೇಡ, ಮೊದಲು ಡ್ರಮ್ ಬಿಚ್ಚಿ ಧೂಳು ತೆಗೆದು ಶೂ ಅಡ್ಜಸ್ಟ್ ಮಾಡಿ ಆಮೇಲೆ ಕೇಬಲ್ಲು. ಸಣ್ಣ ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಒಂದರ ಮೇಲೇ ನಿಲ್ಲುತ್ತಾ ಅಂತ ನೋಡ್ಕೊಂಡು ಹೋಗಿ, ಕಾಲು ಬ್ರೇಕ್ ಪೆಡಲ್ ಮೇಲೇ ಇರ್ಲಿ.

ಓಡಿಸಿ ನೋಡೋಕೆ ಖಾಲಿ ರಸ್ತೇಲಿ, ಹಿಂದೆ ಯಾರೂ ಇಲ್ದಾಗ, 30ರ ಸ್ಪೀಡಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡೀರಿ. 800ರ ಉದ್ದ 3335 ಮಿಲಿಮೀಟರು, ಆರೋಗ್ಯವಾಗಿರೋ ಗಾಡಿ ಸುಮಾರು ಎರಡು ಗಾಡಿ ಉದ್ದದೊಳಗೆ ನಿಲ್ಲುತ್ತೆ, ಮೂರು ದಾಟ್ತು ಅಂದ್ರೆ ಕೆಲಸ ಇದೆ. ಎಡಕ್ಕೋ ಬಲಕ್ಕೋ ಎಳೆದ್ರೆ, ಯಾವ ಕಡೆ ಎಳೆಯುತ್ತೋ ಆ ಕಡೆದು ಹಿಡೀತಿದೆ, ಇನ್ನೊಂದು ಕಡೆ ಕ್ಯಾಲಿಪರ್ ಪಿನ್ ಜಾಮ್ ಆಗಿ ಸುಮ್ನೆ ಕೂತಿದೆ ಅಂತ ಸಾಮಾನ್ಯವಾಗಿ ಅರ್ಥ. ಹತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ರ ಕೈ ಇಟ್ಟು ನೋಡಿ, ಒಂದು ಮಾತ್ರ ಸುಡ್ತಿದ್ರೆ ಅಲ್ಲಿ ಬ್ರೇಕ್ ಬಿಡ್ತಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು, ಡಾಟ್ 3 ಗ್ರೇಡಿಂದು ಸಾಕು, ಅದು ಗಾಳೀಲಿರೋ ತೇವ ಹೀರ್ಕೊಳ್ಳೋ ವಸ್ತು. ತೇವ ಸೇರಿದ ಆಯಿಲಿದ್ದು ಚಾಮುಂಡಿ ಬೆಟ್ಟ ಇಳೀವಾಗ ಮೇಲಿಂದ ಮೇಲೆ ಬ್ರೇಕ್ ಒತ್ತಿದ್ರೆ ಕಾಯ್ದು ಒಳಗೆ ಆವಿ ಆಗುತ್ತೆ, ಪೆಡಲ್ ಸ್ಪಂಜ್ ಥರ ಒಳಗೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಬೆಟ್ಟ ಇಳೀವಾಗ ಸೆಕೆಂಡ್ ಗೇರಲ್ಲೇ ಇಳೀರಿ, ಎಷ್ಟೇ ಹೊಸ ಬ್ರೇಕ್ ಇದ್ರೂ.

ಸ್ಟೇರಿಂಗು. ಚಕ್ರ ನೆಟ್ಟಗಿಟ್ಟು ಸ್ಟೇರಿಂಗ್ ವೀಲನ್ನ ಬೆರಳಲ್ಲಿ ಆಚೆ ಈಚೆ ಆಡ್ಸಿ, ಎರಡು ಬೆರಳಗಲಕ್ಕಿಂತ ಜಾಸ್ತಿ ಪ್ಲೇ ಇದ್ರೆ ಸುಮ್ನಿರ್ಬೇಡಿ. ಮುಂದಿನ ಚಕ್ರ ಎತ್ತಿ, ಎಡ ಬಲ ಹಿಡಿದು ಅಲ್ಲಾಡ್ಸಿ, ಲಟಕ್ ಅಂದ್ರೆ ಟೈ ರಾಡ್ ಎಂಡ್ ಅಥವಾ ರ್‍ಯಾಕ್. ಮೇಲೆ ಕೆಳಗೆ ಹಿಡಿದು ಅಲ್ಲಾಡಿದ್ರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಸುಮ್ನೆ ತಿರುಗ್ಸಿ ಕಿವಿ ಕೊಡಿ, ಗುರ್ ಅಂದ್ರೆ ಬೇರಿಂಗ್. ಪೂರ್ತಿ ಕಟ್ ಹೊಡೆದು ನಿಧಾನಕ್ಕೆ ತಿರುಗಿಸುವಾಗ ಟಕ್ ಟಕ್ ಟಕ್ ಅಂತ ಬಂದ್ರೆ ಆಕ್ಸಲ್ ಜಾಯಿಂಟ್ ಹೋಗಿದೆ, ಅದಕ್ಕೆ ಕಾರಣ ಹರಿದ ರಬ್ಬರ್ ಬೂಟು, ಗ್ರೀಸ್ ಆಚೆ ಬಂದು ಮಣ್ಣು ಒಳಗೆ ಹೋಗಿರುತ್ತೆ. ಬೂಟು ಹರಿಯೋಕ್ ಶುರುವಾದಾಗ್ಲೇ ನೋಡ್ಕೊಂಡು ಬದಲಾಯಿಸಿದ್ರೆ ಕೆಲವೇ ನೂರು ರೂಪಾಯಿ, ಬಿಟ್ರೆ ಸಾವಿರಗಟ್ಲೆ. ಲೋಯರ್ ಆರ್ಮ್ ಬುಷ್ ಹೋಗಿದ್ರೆ ಹಂಪ್ ಇಳೀವಾಗ ಡಬ್ ಅನ್ನುತ್ತೆ, ನಮ್ಮ ರಸ್ತೆಗಳಿಗೆ ಅದು ಹೋಗದೇ ಇರೋ 800 ನಾನು ನೋಡಿಲ್ಲ. ಇಂಜಿನ್ ಸಾಮಾನು ಸಿಗೋದೇನು ಕಷ್ಟ ಇಲ್ಲ, ಓಮ್ನಿದೂ ಇದೇ 796 ಸಿಸಿ ಇಂಜಿನ್ನು, ಅದು 2019ರ ತನಕ ಬರ್ತಿತ್ತು, 800 ನಿಂತಿದ್ದು 2014ರ ಜನವರೀಲಿ. ಆದ್ರೆ ಬಾಲ್ ಜಾಯಿಂಟು, ಟೈ ರಾಡ್ ಎಂಡು, ಬ್ರೇಕ್ ಪ್ಯಾಡು ಇವನ್ನ ಕಡಿಮೆ ರೇಟಿನ ಲೋಕಲ್ ಡಬ್ಬದಲ್ಲಿ ತಗೋಬೇಡಿ, ಉಳಿಸ್ಬೇಕು ಅಂದ್ರೆ ಸೀಟ್ ಕವರಲ್ಲಿ ಉಳಿಸಿ.

ಲೈಟು. ಹಳೇ 800ಗಳ ಹೆಡ್‌ಲೈಟ್ ಮಂಕು ಅಂತ ಎಲ್ರೂ ಬೈತಾರೆ, ಬೈದು ಬಿಳೀ ಎಲ್‌ಇಡಿ ಬಲ್ಬ್ ತಂದು ಹಾಕ್ತಾರೆ, ಹ್ಯಾಲೊಜನ್‌ಗೆ ಅಂತ ಮಾಡಿದ ರಿಫ್ಲೆಕ್ಟರಲ್ಲಿ ಅದರ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿಗೆ ಬರೋನ ಕಣ್ಣಿಗೆ ಹೊಡೆಯುತ್ತೆ, ಎಫ್‌ಸಿಯಲ್ಲೂ ಬೇಡ ಅಂತಾರೆ, 2024ರ ಜುಲೈಯಿಂದ ನಮ್ಮ ಪೊಲೀಸ್ರೂ ಇದಕ್ಕೆ ಕೇಸ್ ಹಾಕ್ತಿದಾರೆ. ಮಂಕಿಗೆ ಕಾರಣ ಬಹಳ ಸಲ ಬಲ್ಬ್ ಅಲ್ಲ, ವೈರಿಂಗು. ಇಂಜಿನ್ ಓಡ್ತಿರುವಾಗ ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಡಿ, 13.5ರಿಂದ 14.5 ವೋಲ್ಟ್ ಇರ್ಬೇಕು, ಈಗ ಲೈಟ್ ಹಾಕಿ ಬಲ್ಬಿನ ಕನೆಕ್ಟರ್ ಹತ್ರ ನೋಡಿ. ನಮ್ದರಲ್ಲಿ ಬ್ಯಾಟರೀಲಿ 14, ಬಲ್ಬ್ ಹತ್ರ 11 ಚಿಲ್ರೆ. ಅರ್ತ್ ವೈರಿನ ಬುಡ ತುಕ್ಕು ಹಿಡಿದಿತ್ತು, ಉಜ್ಜಿ ಬಿಗಿ ಮಾಡಿ ಒಂದು ರಿಲೇ ಹಾಕ್ಸಿದ ಮೇಲೆ ಅದೇ ಹಳೇ 60/55 ವ್ಯಾಟಿನ ಬಲ್ಬು ಬೇರೆ ಗಾಡೀದೇನೋ ಅನ್ನೋ ಥರ ಬೆಳಗ್ತು, ಅಪ್ಪ ರಾತ್ರಿ ಗೇಟ್ ಹತ್ರ ನಿಂತು ಎರಡು ಸಲ ಹಾಕಿ ಆರ್ಸಿ ನೋಡಿದ್ರು.

ಬೀಮ್ ಸರಿ ಮಾಡ್ಕೊಳ್ಳೋಕೆ ಸಮತಟ್ಟು ಜಾಗದಲ್ಲಿ ಗೋಡೆಯಿಂದ ಏಳೂವರೆ ಮೀಟರ್ ದೂರ ಗಾಡಿ ನಿಲ್ಸಿ, ಹೆಡ್‌ಲೈಟಿನ ಮಧ್ಯದ ಎತ್ತರ ಎಷ್ಟಿದೆಯೋ ಅಷ್ಟಕ್ಕೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಲೋ ಬೀಮಿನ ಮೇಲಂಚು ಆ ಗೆರೆಗಿಂತ ಸ್ವಲ್ಪ ಕೆಳಗೇ ನಿಲ್ಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರುತ್ತೆ, ರಸ್ತೆ ಅಂಚು ಕಾಣ್ಲಿ ಅಂತ ಹಾಗೆ ಮಾಡಿರೋದು. ಹಿಂದ್ಯಾವಾಗ್ಲೋ ಮುಂದಿನ ಬಂಪರ್‌ಗೋ ಬಾನೆಟ್‌ಗೋ ಪೆಟ್ಟು ಬಿದ್ದ ಗಾಡೀಲಿ ಒಂದು ಲೈಟ್ ಮೇಲಕ್ಕೆ ನೋಡ್ತಿರುತ್ತೆ. ಇಂಡಿಕೇಟರ್ ವಿಪರೀತ ಬೇಗ ಹೊಡ್ಕೊಂಡ್ರೆ ಆ ಕಡೆದೊಂದು ಬಲ್ಬ್ ಹೋಗಿದೆ. ಬ್ರೇಕ್ ಲೈಟು, ರಿವರ್ಸು, ನಂಬರ್ ಪ್ಲೇಟ್ ಲೈಟು, ಹಾರನ್ನು, ವೈಪರು, ಕನ್ನಡಿ, ಸೀಟ್ ಬೆಲ್ಟು, ಸ್ಪೀಡೋಮೀಟರ್ ಮುಳ್ಳು, ಒಂದೊಂದೇ ಹಾಕಿ ನೋಡಿ. ಟೈರಿನ ಮೇಲಿನ ಗೆರೆ ಸಂದಿಯೊಳಗೆ ಅಡ್ಡಡ್ಡ ಸಣ್ಣ ಉಬ್ಬು ಇರುತ್ತಲ್ಲ, 1.6 ಮಿಲಿಮೀಟರಿಂದು, ಸವೆತ ಅದರ ಮಟ್ಟಕ್ಕೆ ಬಂದಿದ್ರೆ ಟೈರ್ ಮುಗೀತು. ಮೇಲೆ ಚೆನ್ನಾಗೇ ಇದ್ರೂ ಪಕ್ಕ ಬಿರುಕು ಬಿಟ್ಟಿದ್ರೆ ಅದೂ ಮುಗೀತು ಅಂತಾನೇ ಲೆಕ್ಕ, ಕಡಿಮೆ ಓಡೋ ಗಾಡಿಗಳಲ್ಲಿ ಇದೇ ಜಾಸ್ತಿ.

ಎಮಿಷನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಆ ಟೆಸ್ಟಿನ ಪ್ರಿಂಟಲ್ಲಿರೋ ಎರಡು ನಂಬರ್ ಓದೋಕ್ ಬಂದ್ರೆ ಇಂಜಿನ್ ಹೊಟ್ಟೇಲಿ ಏನಿದೆ ಅಂತ ಗೊತ್ತಾಗುತ್ತೆ. ಬಿಎಸ್-2, ಬಿಎಸ್-3 (ಹೊಗೆ ನಿಯಮದ ಹಂತಗಳು) ಪೆಟ್ರೋಲ್ ಕಾರಿಗೆ ಸಿಓ (ಕಾರ್ಬನ್ ಮೊನಾಕ್ಸೈಡ್) 0.5 ಪರ್ಸೆಂಟು, ಎಚ್‌ಸಿ (ಸುಡದೇ ಉಳಿದ ಪೆಟ್ರೋಲ್) 750 ಪಿಪಿಎಂ, ಅಷ್ಟರೊಳಗಿರ್ಬೇಕು. ಅದಕ್ಕೂ ಹಳೇದಾದ ಕಾರ್ಬುರೇಟರ್ ಗಾಡಿಗಳಿಗೆ 3 ಪರ್ಸೆಂಟು, 1500. ಈ ಹಳೇ ಗಾಡಿಗಳಿಗೆಲ್ಲ ಸರ್ಟಿಫಿಕೇಟ್ ಆರೇ ತಿಂಗಳು. ಸಿಓ ಜಾಸ್ತಿ ಅಂದ್ರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್ ಕಟ್ಟಿರ್ಬಹುದು, ಆಕ್ಸಿಜನ್ ಸೆನ್ಸರ್ ಹೋಗಿರ್ಬಹುದು. ಎಚ್‌ಸಿ ಜಾಸ್ತಿ ಅಂದ್ರೆ ಪೆಟ್ರೋಲ್ ಸುಡದೇ ಹಾಗೇ ಆಚೆ ಹೋಗ್ತಿದೆ: ಪ್ಲಗ್ಗು, ಪ್ಲಗ್ ವೈರು, ಟ್ಯಾಪೆಟ್. ಮೂರೇ ಸಿಲಿಂಡರು, ಒಂದು ಸರಿಯಾಗಿ ಹೊಡೀದಿದ್ರೂ ಗೊತ್ತಾಗುತ್ತೆ.

ನಮ್ಮ ಕಡೆ ಒಂದು ಕೆಟ್ಟ ಅಭ್ಯಾಸ ಇದೆ. ಗಾಡಿ ಒಂದ್ಸಲ ಹೀಟ್ ಆಯ್ತು ಅಂದ್ರೆ ಇಂಜಿನ್ ಬಿಸಿ ಹದವಾಗಿಡೋ ಥರ್ಮೋಸ್ಟ್ಯಾಟ್ ವಾಲ್ವನ್ನೇ ಕಿತ್ತು ಬಿಸಾಕ್ತಾರೆ, "ಇನ್ನು ಹೀಟೇ ಆಗಲ್ಲ ಬುಡಿ ಸಾರ್" ಅಂತ. ಆಗ ಇಂಜಿನ್ ಬೇಕಾದಷ್ಟು ಕಾಯೋದೇ ಇಲ್ಲ, ಇನ್ನೂ ತಣ್ಣಗಿದೆ ಅನ್ಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರೀತಾನೇ ಇರುತ್ತೆ, ಮೈಲೇಜೂ ಹೋಯ್ತು, ಸಿಓನೂ ಏರ್ತು. ಹೊಸ ವಾಲ್ವ್ ಹಾಕ್ಸಿ, ಹೀಟ್ ಆಗೋಕೆ ನಿಜವಾದ ಕಾರಣ ರೇಡಿಯೇಟರಲ್ಲೋ ಫ್ಯಾನ್ ಸ್ವಿಚ್ಚಲ್ಲೋ ಇರುತ್ತೆ ಹುಡುಕ್ಸಿ. ಸೈಲೆನ್ಸರಲ್ಲಿ ತೂತಿದ್ರೆ ಶಬ್ದ ಒಂದೇ ಅಲ್ಲ ತೊಂದರೆ, ಸೆನ್ಸರ್‌ಗಿಂತ ಮುಂಚಿನ ಜಾಯಿಂಟಲ್ಲಿ ಲೀಕಿದ್ರೆ ಹೊರಗಿನ ಗಾಳಿ ಸೇರಿ ಸೆನ್ಸರ್ ಮೋಸ ಹೋಗುತ್ತೆ, ಪೆಟ್ರೋಲ್ ಕಡಿಮೆ ಅಂತ ತಿಳ್ಕೊಂಡು ಇನ್ನೂ ಸುರಿಯುತ್ತೆ. ಟೆಸ್ಟಿಗೆ ಹೋಗೋಕ್ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ತಣ್ಣನೆ ಇಂಜಿನಲ್ಲಿ ಕೊಟ್ರೆ ಚೆನ್ನಾಗಿರೋ ಗಾಡಿನೂ ಕೆಟ್ಟ ನಂಬರ್ ತೋರಿಸುತ್ತೆ. ಪೈಪಿಗೆ ಪ್ರೋಬ್ ಹಾಕದೇ ಸರ್ಟಿಫಿಕೇಟ್ ಕೊಡ್ತೀವಿ ಅನ್ನೋ ಕಡೆ ಹೋಗ್ಬೇಡಿ, ನಿಮ್ಮ ದುಡ್ಡು ಕೊಟ್ಟು ನಿಮ್ಮ ಇಂಜಿನ್ ಸ್ಥಿತಿ ತಿಳ್ಕೊಳ್ಳೋ ಅವಕಾಶ ಕಳ್ಕೊಂಡಂಗೆ. ಇನ್ನೊಂದು, ಈಗ ಬಂಕಲ್ಲಿ ಬರ್ತಿರೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು, ನಮ್ಮ ಗಾಡಿ ರಬ್ಬರ್ ಪೈಪ್‌ಗಳು ಅದಕ್ಕೆ ಅಂತ ಮಾಡಿದ್ದಲ್ಲ, ಬಾನೆಟ್ ಒಳಗೆ, ಟ್ಯಾಂಕ್ ಹತ್ರ ಪೈಪನ್ನ ಬೆರಳಲ್ಲಿ ಬಗ್ಗಿಸಿ ನೋಡಿ, ಬಿರುಕು ಕಂಡ್ರೆ, ಪೆಟ್ರೋಲ್ ವಾಸನೆ ಬಂದ್ರೆ, ಅವತ್ತೇ ಬದಲಾಯಿಸಿ.

ಆ ದಿನದ್ದು ಹೆಚ್ಚೇನಿಲ್ಲ. ಗಾಡಿ ತೊಳೆದು, ಮುಖ್ಯವಾಗಿ ಚಕ್ರದ ಒಳಗೆ ಮತ್ತೆ ಬಾನೆಟ್ ಒಳಗೆ ಒರೆಸಿ, ಬೆಳಿಗ್ಗೆ ಬೇಗ ಹೋಗಿ. ಮಷೀನಲ್ಲಿ ಟೆಸ್ಟ್ ಮಾಡೋ ಕಡೆ ರೋಲರ್ ಮೇಲೆ ಬ್ರೇಕ್ ಅಳೀತಾರೆ, ಮಷೀನ್ ಇಲ್ಲದ ಕಡೆ ಇನ್ಸ್‌ಪೆಕ್ಟರ್ ಕಣ್ಣು ಮತ್ತೆ ಅನುಭವವೇ ಮಷೀನು. ಫೇಲಾದ್ರೆ ವಾದಕ್ಕೆ ಹೋಗ್ಬೇಡಿ, ಮಧ್ಯದೋರು ಬಂದು ನೋಡ್ಕೋತೀವಿ ಬನ್ನಿ ಅಂದ್ರೂ ಹೋಗ್ಬೇಡಿ, "ಸಾರ್, ಏನೇನು ಸರಿ ಮಾಡಿಸ್ಬೇಕು, ಒಂದ್ಸಲ ತೋರ್ಸಿ" ಅಂತ ಕೇಳಿ. ನಮಗೆ ಅವ್ರು ಬಗ್ಗಿ ಸೈಲೆನ್ಸರ್ ತೂತು ಬೆರಳಿಟ್ಟು ತೋರಿಸಿದ್ರು, ಹಾಗೆ ಕೆಳಗೆ ಬಗ್ಗಿದಾಗ್ಲೇ ನನಗೂ ಡ್ರೈವರ್ ಸೀಟಿನಡಿ ತಗಡು ಉಬ್ಬಿರೋದು ಕಂಡಿದ್ದು, ಮನೆಗೆ ಬಂದು ಕಾರ್ಪೆಟ್ ಎತ್ತಿದ್ದು. ರಿಮಾರ್ಕ್ ಬರೆದ ಕಾಗದದ ಫೋಟೋ ತಗೊಂಡು ನೇರ ಅದನ್ನೇ ಮೆಕ್ಯಾನಿಕ್‌ಗೆ ಕೊಡಿ, ಬಾಯಲ್ಲಿ ಹೇಳಿದ್ರೆ ಒಂದು ಬಿಟ್ಟೋಗುತ್ತೆ. ಎರಡನೇ ಸಲ ಹೋದಾಗ ಹತ್ತು ನಿಮಿಷದಲ್ಲಿ ಮುಗೀತು.

ಪಾಸಾದ್ಮೇಲೆ ಆರ್‌ಸಿಯಲ್ಲಿ ಹೊಸ ತಾರೀಖು ಸರಿಯಾಗಿ ಬಂದಿದೆಯಾ ಅಂತ ಡಿಜಿಲಾಕರಲ್ಲೂ ನೋಡ್ಕೊಳ್ಳಿ. ನಾನು ಡ್ಯಾಶ್‌ಬೋರ್ಡ್ ಡ್ರಾಯರ್ ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿದೀನಿ, ಬ್ರೇಕ್ ಆಯಿಲ್ ಹಾಕಿದ ತಾರೀಖು, ಎಮಿಷನ್ ಮುಗಿಯೋ ತಾರೀಖು, ಟೈರ್ ತಗೊಂಡ ತಿಂಗಳು. ಮತ್ತೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಕಾರ್ಪೆಟ್ ಎತ್ತಿ ಬಾಗಿಲು ನಾಲ್ಕೂ ತೆರೆದು ಬಿಸಿಲಿಗೆ ಬಿಡ್ತೀವಿ, ಆ ದಿನ ಅಪ್ಪನೇ ಸ್ಕ್ರೂ ಡ್ರೈವರ್ ಹಿಡ್ಕೊಂಡು ಅಂಚು ತಟ್ಕೊಂಡು ಬರ್ತಾರೆ.